ಹನ್ನೊಂದು ಅಂಕಿಗಳ ಇಳಿಜಾರು

"ಇದು ಶಿವಪುತ್ರನ ಕಾಲಲ್ಲ ಗೋಪಿ," ಎಂದು ಪದ್ಮಶ್ರೀ ಪರದೆಯ ಮೇಲೆ ಬೆರಳಿಟ್ಟಳು.

ಗೋಪಿ ಕುರ್ಚಿ ತಿರುಗಿಸುವುದನ್ನು ನಿಲ್ಲಿಸಿದ. "ಕಾಲಾ? ಏನ್ ಮೇಡಂ, ಊಟ ಆಯ್ತಾ ನಿಮ್ದು?"

"ನಂದು ಆಯ್ತು. ನಿಮ್ದು ಇವತ್ತು ತಡ ಆಗುತ್ತೆ. ಕೂತ್ಕೊಳ್ಳಿ."

ಕೂತೇ ಇದ್ದವನು ಮತ್ತೊಮ್ಮೆ ಕೂತುಕೊಂಡ. ಮುಖದಲ್ಲಿ ಮೊದಲಿನ ನಗು ಇರಲಿಲ್ಲ.

ಪುಟ್ಟೇನಹಳ್ಳಿ ಕೆರೆಗೆ ಬೆನ್ನು ಹಾಕಿ ನಿಂತ ಐದಂತಸ್ತಿನ ಕಟ್ಟಡ ಅದು. ಮೂರನೇ ಮಹಡಿಯಲ್ಲಿ ಗೋಪಿಯ ಸ್ಟುಡಿಯೋ. ಕಟ್ಟಡ ಅವನಪ್ಪ ವೆಂಕಟರಾಮಯ್ಯನದು. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಬಾಡಿಗೆ ಬೆಳೆಯುತ್ತದೆ. ಇದೇ ಕಟ್ಟಡದ ತಾರಸಿಯಿಂದ ಹದಿನೈದು ದಿನದ ಹಿಂದೆ ಶಿವಪುತ್ರ ಕೆರೆ ಕಡೆಗೆ ಬಿದ್ದು ಸತ್ತಿದ್ದ. ಮೂವತ್ತೊಂದು ವರ್ಷ. ಗೋಪಿಯ ಹೆಸರಿನಲ್ಲಿ ಬರುವ ಹಾಡುಗಳಿಗೆಲ್ಲ ಕಂಪ್ಯೂಟರಿನಲ್ಲಿ ವಾದ್ಯ ಕೂಡಿಸುತ್ತಿದ್ದವನು ಅವನು. ಯಾವ ಹಾಡಿನ ಕೆಳಗೂ ಅವನ ಹೆಸರು ಇರುತ್ತಿರಲಿಲ್ಲ. ಸತ್ತ ಮೇಲೆ ಮಾತ್ರ ಪೊಲೀಸ್ ಫೈಲಿನ ಮೇಲೆ ದಪ್ಪಕ್ಷರದಲ್ಲಿ ಬಂತು.

ಆ ಫೈಲನ್ನು ನಾಳೆ, ಶನಿವಾರ, ಆತ್ಮಹತ್ಯೆ ಎಂದು ಬರೆದು ಮುಚ್ಚುವವರಿದ್ದರು. ಬಿದ್ದದ್ದನ್ನು ಕಂಡವರಿಲ್ಲ. ಸಂಜೆ ಐದಕ್ಕೆ ಕೆರೆ ಏರಿ ಮೇಲೆ ನಡೆಯಲು ಬಂದವರು ಜೊಂಡಿನ ಪಕ್ಕ ಹೆಣ ನೋಡಿದ್ದರು. ಸತ್ತದ್ದು ಮೂರರಿಂದ ಐದರೊಳಗೆ ಎಂದರು ಡಾಕ್ಟರು. ಇನ್ಸ್‌ಪೆಕ್ಟರಿಗೆ ಸಿಕ್ಕ ಒಂದೇ ಸಾಕ್ಷಿ ಶಿವಪುತ್ರನ ಕೊನೆಯ ಹಾಡು. ಅದರ ಹೆಸರು 'ಅವ್ವ'. ಅವತ್ತು ಸಂಜೆ ನಾಲ್ಕು ಹತ್ತಕ್ಕೆ ಸೇವ್ ಆಗಿತ್ತು. ಶುರುವಿನಲ್ಲಿ ಎರಡು ಕ್ಷಣ ಮೌನ. ಕೊನೆಯಲ್ಲಿ ಕೊಳಲಿನ ದನಿ ಇಳಿಯುತ್ತ ಇಳಿಯುತ್ತ ಸೊನ್ನೆಗೆ ಹೋಗಿ ನಿಲ್ಲುತ್ತದೆ. "ಇದಕ್ಕಿಂತ ಬೇರೆ ಚೀಟಿ ಬೇಕೇನ್ರೀ? ಅಮ್ಮಂಗೆ ಹಾಡಲ್ಲೇ ಬರೆದಿಟ್ಟು ಹೋಗಿದಾನೆ," ಎಂದು ಇನ್ಸ್‌ಪೆಕ್ಟರ್ ಕಣ್ಣು ಒದ್ದೆ ಮಾಡಿಕೊಂಡಿದ್ದರು. ಕಣ್ಣು ಒದ್ದೆ ಮಾಡಿಕೊಳ್ಳುವ ಪೊಲೀಸರನ್ನು ಪದ್ಮಶ್ರೀ ಎಂದೂ ನಂಬಿದವಳಲ್ಲ. ಎಂಟು ವರ್ಷ ಅದೇ ಇಲಾಖೆಯ ಕಂಪ್ಯೂಟರ್ ವಿಭಾಗದಲ್ಲಿ ಬೆಂದು, ರಾಜೀನಾಮೆ ಬಿಸಾಕಿ, ಮತ್ತಿಕೆರೆಯ ಜೆರಾಕ್ಸ್ ಅಂಗಡಿಯ ಮೇಲೊಂದು ಪತ್ತೇದಾರಿ ಆಫೀಸು ತೆರೆದವಳು ಅವಳು.

ಆ ಆಫೀಸಿನ ಮೆಟ್ಟಿಲು ಹತ್ತಿ ಬಂದಿದ್ದಳು ಶಿವಪುತ್ರನ ತಾಯಿ ರತ್ನವ್ವ. ಗುಳೇದಗುಡ್ಡದಲ್ಲಿ ಮಗ್ಗದ ಮೇಲೆ ಕುಪ್ಪಸದ ಖಣ ನೇಯುವ ಹೆಂಗಸು. ಮಗ ಸತ್ತಾಗಿನಿಂದ ಶೆಟ್ಟಿಹಳ್ಳಿಯ ಅವನ ಬಾಡಿಗೆ ಕೋಣೆಯಲ್ಲೇ ಇದ್ದಾಳೆ. ಅವಳು ಅತ್ತಿರಲಿಲ್ಲ. ಒಂದೇ ಮಾತು ಕೇಳಿದ್ದಳು.

"ಯವ್ವಾ, ನನ್ನ ಮಗ ತಾನs ನನ್ನ ಬಿಟ್ಟು ಹೋದನೋ, ಯಾರರ ಅವನ್ನ ಕಳಿಸಿದರೋ, ಅದೊಂದು ಹೇಳು. ತಾನs ಹೋದ ಅಂದ್ರ ನಾ ಅವನಿಗೆ ಏನು ಕಡಿಮಿ ಮಾಡಿದ್ನಿ ಅಂತ ಸಾಯೂತನಾ ಕೇಳ್ಕೋಬೇಕಲ್ಲ."

ಆ ಮಾತು ಹತ್ತು ದಿನದಿಂದ ಪದ್ಮಶ್ರೀಯ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತ್ತು.

"ಹೇಳಿ ಮೇಡಂ, ಏನದು ಕಾಲು?" ಗೋಪಿ ಕೇಳಿದ.

ಪದ್ಮಶ್ರೀ ಪರದೆಯಲ್ಲಿ ಎರಡು ಕಿಟಕಿ ತೆರೆದಳು. "ಎಡಗಡೆದು ಅವತ್ತು ಮಧ್ಯಾಹ್ನ ಎರಡು ನಲವತ್ತಕ್ಕೆ ಕಂಪ್ಯೂಟರ್ ತಾನಾಗೇ ಎತ್ತಿಟ್ಟ ಕಾಪಿ. ಬಲಗಡೆದು ನಾಲ್ಕು ಹತ್ತರದು. ಎರಡೂ ಅದೇ ಹಾಡು. ಕೊಳಲಿನ ವಾಲ್ಯೂಮ್ ಗೆರೆ ನೋಡಿ."

ಎಡಗಡೆಯ ಗೆರೆ ನೆಟ್ಟಗಿರಲಿಲ್ಲ. ಏಳುತ್ತಿತ್ತು, ತಗ್ಗುತ್ತಿತ್ತು, ಮತ್ತೆ ಉಬ್ಬುತ್ತಿತ್ತು. ಮಲಗಿದ ಮಗುವಿನ ಹೊಟ್ಟೆಯ ಹಾಗೆ. ಬಲಗಡೆ ಕೊನೆಯಲ್ಲಿ ಆ ಉಸಿರೆಲ್ಲ ಮಾಯವಾಗಿ, ಮೇಲಿನಿಂದ ಕೆಳಕ್ಕೆ ಒಂದೇ ಇಳಿಜಾರು.

ಇದನ್ನೆಲ್ಲ ನೋಡಲು ಅವಳಿಗೆ ಕಲಿಸಿದ್ದು ಕಾಡಪ್ಪ ಮೇಷ್ಟ್ರು. ಶಿವಪುತ್ರನಿಗೆ ಕೀಬೋರ್ಡು ಹಿಡಿಸಿದ ಗುರು, ರತ್ನವ್ವನ ಊರ ಕಡೆಯವರು, ಅವಳ ಹಟಕ್ಕೆ ಮಣಿದು ಪದ್ಮಶ್ರೀಯ ಆಫೀಸಿಗೆ ಕೈಹಿಡಿದು ಕರೆತಂದವರೂ ಅವರೇ. ಅರವತ್ತೆಂಟು ವರ್ಷ, ಎರಡೂ ಕಿವಿ ಮಂದ. ಕ್ಯಾಸೆಟ್ಟಿನ ಕಾಲದಿಂದ ನೂರಾರು ಹಾಡಿಗೆ ವಾದ್ಯ ಕೂಡಿಸಿದ್ದರೂ ಒಂದು ಕ್ಯಾಸೆಟ್ಟಿನ ಮೇಲೂ ಅವರ ಹೆಸರಿಲ್ಲ. ಅದನ್ನು ಹೇಳುವಾಗ ಅವರು ನಗುತ್ತಿದ್ದರು. ನೋಡಲಾಗದ ನಗು ಅದು.

ಕಂಪ್ಯೂಟರ್ ಹಾಡನ್ನು ಬರೆದಿಡುವ ಮಿಡಿ ಎಂದರೆ ಶಬ್ದವಲ್ಲ, ಶಬ್ದಕ್ಕೆ ಬರೆದ ಸೂಚನೆ ಎಂದು ಅವಳ ಲ್ಯಾಪ್‌ಟಾಪಿನಲ್ಲೇ ಒಂದು ಪುಟ್ಟ ಸರಿಗಮ ಕೂಡಿಸಿ ತೋರಿಸಿದ್ದರು. ಯಾವ ಸ್ವರ, ಎಷ್ಟು ಹೊತ್ತು, ಎಷ್ಟು ವಾಲ್ಯೂಮ್, ಎಲ್ಲವೂ ಅಂಕಿಗಳು. ಸೊನ್ನೆ ಎಂದರೆ ಮೌನ, ನೂರು ಎಂದರೆ ತುಂಬು ದನಿ. ಅವರು ಪ್ಲೇ ಒತ್ತಿದಾಗ ಸರಿಗಮ ಕೂಡಲೇ ಬಂದಿರಲಿಲ್ಲ, ಎರಡು ಕ್ಷಣ ತಡೆದು ಬಂದಿತ್ತು. ಲ್ಯಾಪ್‌ಟಾಪ್ ಹಳೆಯದಾಯಿತು ಎಂದುಕೊಂಡಿದ್ದಳು ಪದ್ಮಶ್ರೀ.

"ಶಿವು ವಾಲ್ಯೂಮ್ ಕೈಲೆ ಮಾಡೂದಿಲ್ಲರಿ ಮೇಡಮ್ಮಾರ," ಎಂದಿದ್ದರು ಮೇಷ್ಟ್ರು. "ಅವರಪ್ಪ ನಾಟಕ ಕಂಪನ್ಯಾಗ ಕಾಲು ಹಾರ್ಮೋನಿಯಂ ಬಾರಸ್ತಿದ್ದ. ಇವಗೂ ಅದs ಚಾಳಿ. ಕಾಲಾಗ ಪೆಡಲ್ ಒತ್ತಿ ಉಸಿರು ತುಂಬತಿದ್ದ. ಗೋಪಿ ಹಂಗಲ್ಲ. ಮೌಸ್ ಹಿಡದು ಸೀದಾ ಗೀಟು ಎಳಿಯಾಂವ. ಯಾವ ಗೀಟು ಯಾರದು ಅಂತ ನೀವs ನೋಡ್ರಿ."

ಅವಳು ನೋಡಿದ್ದಳು. ನೋಡಿಯೇ ಇವತ್ತು ಬಂದಿದ್ದಳು.

"ಎರಡು ನಲವತ್ತರ ಹಾಡಲ್ಲಿ ಶಿವಪುತ್ರನ ಕಾಲಿದೆ," ಎಂದಳು. "ನಾಲ್ಕು ಹತ್ತರದ್ದರಲ್ಲಿ ಅದನ್ನ ಅಳಿಸಿ ಯಾರೋ ಗೀಟು ಎಳೆದಿದಾರೆ. ಅಂದ್ರೆ ಆ ಹೊತ್ತಿಗೆ ಕಂಪ್ಯೂಟರ್ ಮುಂದೆ ಕೂತಿದ್ದೋನು ಅವನಲ್ಲ. ಅವನು ಆಗ್ಲೇ ಜೊಂಡಿನ ಪಕ್ಕ ಬಿದ್ದಿದ್ದ. ಹಾಡು ಸತ್ತೋನೇ ಮುಗಿಸಿ ಹೋದ ಅನ್ನೋ ಹಾಗೆ ಮಾಡಿಟ್ಟರು. ಮೌಸಲ್ಲಿ ಗೀಟು ಎಳೆಯೋದು ಈ ಸ್ಟುಡಿಯೋದಲ್ಲಿ ಯಾರು?"

"ನಾನೇ," ಎಂದ ಗೋಪಿ. ಮರುಕ್ಷಣವೇ ಗಾಬರಿಯಾಗಿ, "ಅಯ್ಯೋ, ಎಳೀತೀನಿ ಅಂದೆ, ಇದನ್ನ ಎಳ್ದೆ ಅನ್ಲಿಲ್ಲ!"

"ಹಾಡು ಈ ವಾರ ನಿಮ್ಮ ಹೆಸರಲ್ಲೇ ಪ್ರೊಡ್ಯೂಸರಿಗೆ ಹೋಗಿದೆ. ನಾನು ವಿಚಾರಿಸಿದೀನಿ."

ಗೋಪಿ ತಲೆ ತಗ್ಗಿಸಿದ. ಕತ್ತಿನ ಮೇಲೆ ಚಿನ್ನದ ಸರ ಹೊಳೆಯುತ್ತಿತ್ತು. "ಹೋಗಿದೆ. ಅದು ತಪ್ಪೇ. ನಾಚಿಕೆಗೆಟ್ಟೋನು ಅಂತ ಬೈಯಿರಿ, ಬೈಸ್ಕೋತೀನಿ. ಸತ್ತೋನು ಬಂದು ಕೇಳ್ತಾನಾ ಅಂತ ಕಳಿಸ್ಬಿಟ್ಟೆ. ಆದ್ರೆ ಅವನ್ನ ನಾನು ಮುಟ್ಟಿಲ್ಲ ಮೇಡಂ."

"ಅವತ್ತು ಎರಡರಿಂದ ಐದರವರೆಗೆ ಎಲ್ಲಿದ್ರಿ? ಪೊಲೀಸರಿಗೆ ಮನೇಲಿ ಮಲಗಿದ್ದೆ ಅಂದಿದೀರಿ. ನಿಮ್ಮ ಹೆಂಡ್ತಿ ಇಲ್ಲ ಅಂತಾರೆ."

ಗೋಪಿ ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತೆರೆಯಿತು. ಬಿಳಿ ಪಂಚೆ, ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು. ವೆಂಕಟರಾಮಯ್ಯ ಎಷ್ಟು ಹೊತ್ತಿನಿಂದ ಆಚೆ ನಿಂತಿದ್ದನೋ ಏನೋ.

"ಏನವ್ವಾ, ದಿನಾ ಇಂಗೆ ಬಂದ್ರೆ ಬಾಡಿಗೆಯೋರು ಎದರ್ಕಂಡು ಖಾಲಿ ಮಾಡ್ಕಂಡು ಓಯ್ತಾರೆ. ಲೇ ಗೋಪಿ, ಯೋಳ್ಬ್ಯಾಡ ಕಣೋ. ಒಂದ್ ಮಾತೂ ಯೋಳ್ಬ್ಯಾಡ."

"ಕೊಲೆ ಕೇಸ್ ಕಣಪ್ಪಾ!" ಗೋಪಿಯ ದನಿ ಒಡೆಯಿತು. "ನಿನ್ ಜಮೀನು ಮುಚ್ಚಿಡೋಕೆ ನಾನು ಜೈಲಿಗೆ ಹೋಗ್ಬೇಕಾ?"

ಅವನು ಡ್ರಾಯರ್ ಎಳೆದು ಕಾಗದದ ಕಟ್ಟು ತೆಗೆದು ಪದ್ಮಶ್ರೀಯ ಮುಂದೆ ಹಾಕಿದ. ಜಮೀನಿನ ಕ್ರಯಪತ್ರ. ಅಪ್ಪ ಮಗ ಇಬ್ಬರ ಫೋಟೋ, ಹೆಬ್ಬೆಟ್ಟು, ಪಕ್ಕದಲ್ಲಿ ಕಂಪ್ಯೂಟರ್ ಅಚ್ಚು ಹಾಕಿದ ದಿನಾಂಕ. ಅದೇ ದಿನ. ಹೊತ್ತು ನಾಲ್ಕು ಗಂಟೆ ಐದು ನಿಮಿಷ.

"ಒಂದೂವರೆಯಿಂದ ಐದರವರೆಗೂ ರಿಜಿಸ್ಟ್ರಾರ್ ಆಫೀಸಲ್ಲಿ ಕಾದ್ವಿ. ಕ್ಯಾಮೆರಾ ಇದೆ, ನೋಡ್ಕೊಳ್ಳಿ. ಸೋದರತ್ತೆ ರಾಮಲಕ್ಷ್ಮಮ್ಮಂಗೆ ಭಾಗ ಬರ್ಬೇಕು ಅದ್ರಲ್ಲಿ. ಹೇಳ್ದೆ ಮಾರ್ಬಿಟ್ವಿ. ಅದಕ್ಕೇ ಮನೇಲಿದ್ದೆ ಅಂದೆ."

ಪದ್ಮಶ್ರೀ ಕಾಗದವನ್ನು ಎರಡು ಸಲ ಓದಿದಳು. ಇವನು ಕಳ್ಳ, ಇವರಪ್ಪ ಇವನಿಗಿಂತ ದೊಡ್ಡ ಕಳ್ಳ, ಆದರೆ ಕೊಲೆಗಾರ ಇವನಲ್ಲ. ಹತ್ತು ದಿನ ಕಟ್ಟಿದ್ದೆಲ್ಲ ಒಂದು ಹೆಬ್ಬೆಟ್ಟಿನ ಗುರುತಿಗೆ ಬಿದ್ದುಹೋಗಿತ್ತು. ನಾಳೆ ಫೈಲು ಮುಚ್ಚುತ್ತಾರೆ. ರತ್ನವ್ವನಿಗೆ ಏನು ಹೇಳುವುದು?

ವೆಂಕಟರಾಮಯ್ಯ ಕಾಗದ ಕಸಿದುಕೊಂಡು, "ಇದು ಆಚೆ ಓಗ್ಬಾರ್ದು, ಯೋಳಿವ್ನಿ," ಎಂದು ಗೊಣಗುತ್ತ ಇಳಿದುಹೋದ. ಸತ್ತವನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಪದ್ಮಶ್ರೀ ಚೀಲ ಹೆಗಲಿಗೇರಿಸಿದಳು. ಗೋಪಿ ಏಳಲಿಲ್ಲ. ಪರದೆಯನ್ನೇ ನೋಡುತ್ತಿದ್ದ.

"ಮೇಡಂ, ಒಂದ್ ನಿಮಿಷ. ಇದು ಮೌಸಲ್ಲಿ ಎಳೆದ ಗೀಟೂ ಅಲ್ಲ."

ಅವಳು ನಿಂತಳು.

"ನೋಡಿ, ನಾನು ಎಳೀತೀನಿ." ಅವನು ಖಾಲಿ ಟ್ರ್ಯಾಕ್ ಒಂದರಲ್ಲಿ ಮೌಸ್ ಒತ್ತಿ ಮೇಲಿನಿಂದ ಕೆಳಕ್ಕೆ ಎಳೆದ. ಹತ್ತಿರಕ್ಕೆ ಹಿಗ್ಗಿಸಿದಾಗ ಗೀಟು ನೂರಾರು ಚುಕ್ಕೆಗಳಾಯಿತು, ಸಾಸಿವೆ ಚೆಲ್ಲಿದ ಹಾಗೆ ಒತ್ತೊತ್ತಾಗಿ. "ಇದು ಮೌಸ್. ಈಗ ನಾಲ್ಕು ಹತ್ತರದ್ದು ಹಿಗ್ಗಿಸ್ತೀನಿ."

ಅದು ಇಳಿಜಾರಾಗಿರಲಿಲ್ಲ. ಮೆಟ್ಟಿಲಾಗಿತ್ತು. ಹನ್ನೊಂದೇ ಮೆಟ್ಟಿಲು, ತಾಳದ ಏಟಿಗೊಂದರಂತೆ. ಗೋಪಿ ಪಕ್ಕದಲ್ಲೊಂದು ಪಟ್ಟಿ ತೆರೆದ. ಗೆರೆಗಳಿಲ್ಲ, ಬರೀ ಅಂಕಿ. ನೂರು, ತೊಂಬತ್ತು, ಎಂಬತ್ತು, ಎಪ್ಪತ್ತು... ಕೊನೆಗೆ ಹತ್ತು, ಸೊನ್ನೆ.

"ಯಾರೋ ಪಟ್ಟಿ ತೆಗ್ದು ಒಂದೊಂದೇ ಅಂಕಿ ಟೈಪ್ ಮಾಡಿದಾರೆ. ದೂರದಿಂದ ಗೀಟಿನ ಥರ ಕಾಣುತ್ತೆ. ಶಿವೂನೂ ಹಿಂಗ್ ಮಾಡಲ್ಲ, ನಾನೂ ಮಾಡಲ್ಲ. ಈ ಪಟ್ಟಿ ಇದೆ ಅನ್ನೋದೇ ಈಗಿನೋರಿಗೆ ಗೊತ್ತಿಲ್ಲ."

"ಮತ್ತೆ ಯಾರು ಮಾಡ್ತಾರೆ?"

"ತಾಳಿ, ಇನ್ನೊಂದಿದೆ." ಗೋಪಿಯೀಗ ಭಯ ಮರೆತು ಕೆಲಸಗಾರನಾಗಿದ್ದ. ಎರಡೂ ಹಾಡನ್ನು ಮೊದಲಿಗೆ ಎಳೆದ. "ಎರಡು ನಲವತ್ತರದ್ದು ಒತ್ತಿದ ತಕ್ಷಣ ಶುರು ಆಗುತ್ತೆ. ನಾಲ್ಕು ಹತ್ತರದ್ದರಲ್ಲಿ ಹಾಡನ್ನೆಲ್ಲ ಒಂದು ಬಾರ್ ಮುಂದಕ್ಕೆ ತಳ್ಳಿದಾರೆ. ಬಾರ್ ಅಂದ್ರೆ ನಾಲ್ಕು ಏಟಿನ ಒಂದು ಅಳತೆ. ಆ ಮೊದಲ್ನೇ ಅಳತೆ ಖಾಲಿ. ಅದಕ್ಕೇ ಆ ಎರಡು ಕ್ಷಣದ ಮೌನ."

"ಇನ್ಸ್‌ಪೆಕ್ಟರ್ ದುಃಖ ಅಂದಿದ್ರು."

"ದುಃಖ ಅಲ್ಲ ಮೇಡಂ, ಹಳೇ ಕಾಲದ ಜಾಗ್ರತೆ. ಖಾಲಿ ಅಂತ ಕಂಡ್ರೂ ಖಾಲಿ ಅಲ್ಲ, ನೋಡಿ." ಪಟ್ಟಿಯಲ್ಲಿ ಪ್ರತಿ ವಾದ್ಯದ ಎದುರೂ ನೂರು, ನೂರು, ನೂರು. "ಹಾಡಿನ ಕೊನೇಲಿ ವಾಲ್ಯೂಮ್ ಸೊನ್ನೆ ಮಾಡಿದ್ರೆ ಹಳೇ ಯಂತ್ರಗಳು ಅಲ್ಲೇ ನಿಂತ್ಬಿಡ್ತಿದ್ವು. ಮತ್ತೆ ಮೊದ್ಲಿಂದ ಹಾಕಿದ್ರೆ ಆ ವಾದ್ಯ ಮೂಕ. ಅದಕ್ಕೇ ಹಾಡಿಗೆ ಮುಂಚೆ ಒಂದು ಬಾರ್ ಖಾಲಿ ಬಿಟ್ಟು ಅದ್ರಲ್ಲಿ ಎಲ್ಲಾನೂ ನೂರಕ್ಕೆ ತಂದಿಡೋರು. ಈಗ ಸಾಫ್ಟ್‌ವೇರೇ ನೋಡ್ಕೊಳ್ಳುತ್ತೆ, ಬೇಕಾಗೇ ಇಲ್ಲ. ಹಳೇ ಕೀಬೋರ್ಡಿನ ಎರಡು ಸಾಲಿನ ಪುಟ್ಟ ಪರದೆ ನೋಡ್ಕೊಂಡು ಅಂಕಿ ಒತ್ತುತಾ ಕಲ್ತೋರು ಮಾತ್ರ ಇವತ್ತಿಗೂ ಮಾಡ್ತಾರೆ. ಮಾಡ್ತೀವಿ ಅಂತ ಅವರಿಗೇ ಗೊತ್ತಿರಲ್ಲ, ಚಪ್ಪಲಿ ಬಿಟ್ಟು ಒಳಗ್ ಬಂದ ಹಾಗೆ."

ಪದ್ಮಶ್ರೀ ಹೆಗಲಿನ ಚೀಲ ಮೇಜಿನ ಮೇಲಿಟ್ಟಳು.

ಚೀಲದಿಂದ ತನ್ನ ಲ್ಯಾಪ್‌ಟಾಪ್ ತೆಗೆದಳು. ಕಾಡಪ್ಪ ಮೇಷ್ಟ್ರು ಪಾಠಕ್ಕೆಂದು ಕೂಡಿಸಿದ್ದ ಸರಿಗಮ ಅದರಲ್ಲಿ ಹಾಗೇ ಇತ್ತು. ಪ್ಲೇ ಒತ್ತಿದಳು.

ಒಂದು. ಎರಡು. ಆಮೇಲೆ ಸರಿಗಮ.

ಲ್ಯಾಪ್‌ಟಾಪ್ ಹಳೆಯದಾಗಿರಲಿಲ್ಲ.

ಗೋಪಿ ಅವಳ ಕೈಯಿಂದ ಅದನ್ನು ಎಳೆದುಕೊಂಡು ಪಟ್ಟಿ ತೆರೆದ. ಮೊದಲ ಬಾರ್ ಖಾಲಿ, ಅದರೊಳಗೆ ನೂರು. ಕೊನೆಯಲ್ಲಿ ನೂರು, ತೊಂಬತ್ತು, ಎಂಬತ್ತು, ಎಪ್ಪತ್ತು. ಹನ್ನೊಂದು ಅಂಕಿ.

"ಇದ್ಯಾರ್ ಮಾಡಿದ್ದು ಮೇಡಂ?"

ಅವಳ ಕಣ್ಣಿಗೆ ಆ ಪಾಠದ ಮಧ್ಯಾಹ್ನ ಕಟ್ಟಿತು. ಕನ್ನಡಕ ಹಣೆಗೇರಿಸಿ, ತೋರುಬೆರಳೊಂದರಲ್ಲೇ ಅಂಕಿ ಕುಟ್ಟುತ್ತಿದ್ದ ಮುದುಕ. ಮೌಸನ್ನು ಪಕ್ಕಕ್ಕೆ ಸರಿಸಿ ಅದರ ಮೇಲೆ ತನ್ನ ಟವೆಲ್ ಹಾಕಿದ್ದ. ತನಗೆ ಅರ್ಥವಾಗಲೆಂದು ನಿಧಾನ ಮಾಡುತ್ತಿದ್ದಾರೆ ಎಂದು ಅವಳು ಕೃತಜ್ಞಳಾಗಿದ್ದಳು. ಚಹಾ ತರಿಸಿದ್ದಳು. ಎರಡು ಗೀಟು ತೋರಿಸಿ, ಮೂರನೆಯದನ್ನು ಕಣ್ಣೆದುರೇ ಬರೆದು, ಅವಳನ್ನು ಗೋಪಿಯ ಕಡೆಗೆ ಅಟ್ಟಿದ್ದರು. ಅವಳು ಓಡಿ ಬಂದಿದ್ದಳು, ಕಟ್ಟು ಬಿಚ್ಚಿದ ಕರುವಿನ ಹಾಗೆ. ತನ್ನ ಮೇಲೆ ಅವಳಿಗೆ ಅಸಹ್ಯ ಹುಟ್ಟಿತು.

"ಕಾಡಪ್ಪ ಮೇಷ್ಟ್ರು ಇಲ್ಲಿಗೆ ಕೊನೇ ಸಲ ಬಂದಿದ್ದು ಯಾವಾಗ?"

"ಅವರು ಈ ಮೆಟ್ಲು ಹತ್ತಿ ಆರು ತಿಂಗಳಾಯ್ತಲ್ಲ." ಹೇಳುತ್ತ ಹೇಳುತ್ತ ಗೋಪಿಯ ಮುಖ ಬಿಳಿಚಿತು. "ಮೇಷ್ಟ್ರಾ?"

"ಆರು ತಿಂಗಳು ಅಂತ ನಿಮಗೆ ಹೇಳಿದ್ಯಾರು?"

"ಅವರೇ. ಸಾವಿನ ಮನೇಲಿ."

ನನಗೂ ಅವರೇ, ಎಂದುಕೊಂಡಳು ಪದ್ಮಶ್ರೀ.

ಗೋಪಿ ಎರಡೂ ಕೈಯಲ್ಲಿ ತಲೆ ಹಿಡಿದ. "ಅವತ್ತು ಬೆಳಗ್ಗೆ ಶಿವು ಹೇಳ್ದ, ಈ ಹಾಡಾದ್ರೂ ನನ್ ಹೆಸರಲ್ಲಿ ಬರ್ಬೇಕು ಕಣೋ, ನಮ್ಮವ್ವ ಮಗ್ಗದ ಮುಂದೆ ಗುನುಗೋ ಧಾಟಿ ಇದು ಅಂತ. ಮೇಷ್ಟ್ರೂ ಇದಕ್ಕೆ ದುಡಿದಿದಾರಲ್ಲ, ಅವರ ಹೆಸರೂ ಹಾಕೋಣ ಅಂದೆ. ಬೇಡ ಅಂದ. ಅವರು ಕೂಡಿಸಿದ್ದೆಲ್ಲ ತೆಗ್ದು ಹಾಕ್ದೆ, ಅವರಿಗೆ ಈಗ ಏನೂ ಕೇಳ್ಸಲ್ಲ, ಪಾಪ, ಇವತ್ತು ನಾನೇ ಹೇಳ್ಬಿಡ್ತೀನಿ ಅಂದ. ಫೋನಲ್ಲಿ ಹೇಳ್ತಾನೆ ಅಂದ್ಕೊಂಡೆ ಮೇಡಂ."

ಫೋನಿನಲ್ಲಿ ಹೇಳಿರಲಿಲ್ಲ. ಗುರುವಿಗೆ ಎದುರಿಗೆ ನಿಂತು ಹೇಳಬೇಕು ಎನ್ನುವ ಮರ್ಯಾದೆ ಅವನಿಗಿತ್ತು. ಆ ಮರ್ಯಾದೆಯೇ ಅವನನ್ನು ತಾರಸಿಗೆ ಕರೆದೊಯ್ದಿರಬೇಕು. ಮೇಲೆ ಏನು ನಡೆಯಿತು, ಕೈ ತಳ್ಳಿತೋ ಕಾಲು ಜಾರಿತೋ, ಅದನ್ನು ಬಲ್ಲವನು ಈಗ ಒಬ್ಬನೇ.

ಆದರೆ ಒಂದು ಮಾತು ಗಟ್ಟಿಯಾಯಿತು. ಸೊನ್ನೆಗೆ ಇಳಿದ ಆ ಕೊಳಲು ಮಗ ಅವ್ವನಿಗೆ ಬರೆದದ್ದಲ್ಲ. ಶಿವಪುತ್ರ ತಾನಾಗಿ ಹೋಗಿರಲಿಲ್ಲ. ಇದನ್ನು ರತ್ನವ್ವನಿಗೆ ಮೊದಲು ಹೇಳಬೇಕು, ಪೊಲೀಸರಿಗೂ ಮೊದಲು. ಹದಿನೈದು ದಿನದಿಂದ ನಿದ್ದೆಯಿಲ್ಲದ ಹೆಂಗಸು ಅದು.

ಗೋಡೆ ಗಡಿಯಾರದಲ್ಲಿ ಮೂರೂ ಮುಕ್ಕಾಲು. ಶುಕ್ರವಾರ. ದಿನವೂ ರತ್ನವ್ವನ ಕೋಣೆಗೆ ಬಂದು ಕೂರುವ ಕಾಡಪ್ಪ ಮೇಷ್ಟ್ರು ಶುಕ್ರವಾರ ಮೂರರಿಂದ ಐದು ಮತ್ತಿಕೆರೆಯಲ್ಲಿ ಕಾಲೇಜು ಹುಡುಗಿಯರಿಗೆ ಕೀಬೋರ್ಡ್ ಪಾಠ ಹೇಳುತ್ತಾರೆ. ರತ್ನವ್ವ ಒಬ್ಬಳೇ ಇರುತ್ತಾಳೆ ಎಂದು ಲೆಕ್ಕ ಹಾಕಿ ಪದ್ಮಶ್ರೀ ಫೋನ್ ಒತ್ತಿದಳು.

"ಹೇಳು ಯವ್ವಾ," ಎಂದಿತು ಆ ಕಡೆಯ ದನಿ, ಬಾವಿಯೊಳಗಿಂದ ಬಂದ ಹಾಗೆ.

"ರತ್ನವ್ವ, ನಿಮ್ಮ ಮಗ ನಿಮ್ಮನ್ನ ಬಿಟ್ಟು ಹೋಗಿಲ್ಲ. ಅವನು ತಾನಾಗಿ ಹೋಗಿಲ್ಲ. ನನಗೆ ಈಗ ಗೊತ್ತಾಯ್ತು."

ಹದಿನೈದು ದಿನದಲ್ಲಿ ಮೊದಲ ಸಲ ರತ್ನವ್ವ ಬಿಕ್ಕಿದಳು. ಪದ್ಮಶ್ರೀ ಅವಸರದಲ್ಲಿ ಕೇಳಿಬಿಟ್ಟಳು. "ಒಂದು ವಿಷಯ ನೆನಪು ಮಾಡ್ಕೊಳ್ಳಿ. ಅವತ್ತು ಕಾಡಪ್ಪ ಮೇಷ್ಟ್ರು ಸ್ಟುಡಿಯೋಗೆ ಬರ್ತಾರೆ ಅಂತ ಶಿವಪುತ್ರ ಏನಾದ್ರೂ ನಿಮಗೆ ಹೇಳಿದ್ನಾ?"

ರತ್ನವ್ವ ಮೂಗೊರೆಸಿಕೊಂಡಳು. "ಅವರನ್ನs ಕೇಳಲ್ಲಾ. ಇಲ್ಲೇ ಕುಂತಾರ. ಇವತ್ತ ಪಾಠ ಬಿಟ್ಟು ಬಂದಾರ, ಶಿವೂನ ಪೆಡಲ್ ಒಯ್ತೀನಿ ಅಂದ್ರು. ಅವರಿಗೂ ಕೇಳಲಿ ಅಂತ ಫೋನಿನ ದನಿ ಜೋರ್ ಇಟ್ಟೀನಿ. ಕಿವಿ ಮಂದ ಅಲ್ಲಾ?"

ಪದ್ಮಶ್ರೀ ಚೀಲ ಎತ್ತಿಕೊಂಡು ಬಾಗಿಲಿಗೆ ಓಡಿದಳು. ಪುಟ್ಟೇನಹಳ್ಳಿಯಿಂದ ಶೆಟ್ಟಿಹಳ್ಳಿಗೆ ಈ ಹೊತ್ತಿನ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ.

ಒಂದು. ಎರಡು.

ಆಮೇಲೆ ರತ್ನವ್ವನ ದನಿ ಕೇಳಿತು. ಫೋನಿಗಲ್ಲ, ಕೋಣೆಯೊಳಗಿನ ಇನ್ನೊಬ್ಬರಿಗೆ.

"ಯಾಕ್ರಿ ಮೇಷ್ಟ್ರ, ಮಾರಿ ಹಿಂಗ್ಯಾಕಾತು? ನೀವು ಅವತ್ತ ನನ್ನ ಮಗನ ಕೂಡ ಇದ್ರೇನ್ರಿ?"

"ರತ್ನವ್ವಾ," ಎಂದರು ಕಾಡಪ್ಪ ಮೇಷ್ಟ್ರು, ಪಾಠ ಹೇಳುವಾಗಿನ ಅದೇ ತಣ್ಣನೆಯ ದನಿಯಲ್ಲಿ. "ಮೊದಲ ಆ ಫೋನ್ ಇತ್ತ ಕೊಡು. ಆಮ್ಯಾಲ ಬಾಗಲಾ ಹಾಕು."